ಹಳ್ಳದ ದಂಡೆಯಲ್ಲಿ ಹೊತ್ತ ಹರಕೆ

ಆ ದಿನ ನಮ್ಮೂರಿನಲ್ಲಿ ಒಂದು ಹನಿ ಮಳೆಯೂ ಬಿದ್ದಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ನವಲಗುಂದದ ಕಡೆಯ ಹಳ್ಳಗಳನ್ನು ನೋಡದವರಿಗೆ ಇದು ಸುಲಭಕ್ಕೆ ತಿಳಿಯುವುದಿಲ್ಲ. ಮಳೆ ಆಗುವುದು ಎಲ್ಲೋ ಮೇಲೆ, ಹುಬ್ಬಳ್ಳಿ, ಕುಂದಗೋಳದ ಮೋಡದಲ್ಲಿ. ನೀರು ಬರುವುದು ನಮ್ಮ ಹೊಲಕ್ಕೆ. ಇಲ್ಲಿ ನಾವು ಬಿಸಿಲಿಗೆ ಶಂಡಿಗೆ ಒಣಹಾಕಿಕೊಂಡು ಕೂತಿರುತ್ತೇವೆ, ಬೆಣ್ಣಿಹಳ್ಳ ದಂಡೆ ಮುರಿದುಕೊಂಡು ಬಂದಿರುತ್ತದೆ.

ಹೆಸರುಕಾಳಿನ ಗಿಡ ಕಿತ್ತು ಬಣವೆ ಒಟ್ಟಿದ್ದ ಕಾಲ. ನಮ್ಮ ಹೊಲ ಹಳ್ಳದ ಆಚೆ ದಂಡೆಗೆ. ಅದರ ಬಾಜು ಹೊಲ ನನ್ನ ಗೆಳತಿಯದು. ಗೆಳತಿ ಅಂದರೆ ಪಕ್ಕದ ಮನೆಯವಳು. ಇಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯಾಗಿ ಬಂದವರು, ಒಂದೇ ನಳದ ನೀರು ಹಿಡಿದವರು. ನಮ್ಮ ಗಂಡಂದಿರಂತೂ ಸಣ್ಣಂದಿನಿಂದ ದೋಸ್ತರು. ನನ್ನ ಗಂಡ ಮಾತು ಕಡಿಮೆಯ ಮನುಷ್ಯ. ಆಕೆಯ ಗಂಡನ ನಗು ಓಣಿಯ ಆ ತುದಿಗೆ ಕೇಳುತ್ತಿತ್ತು. ಮುಂಜಾನೆ ಪೂಜೆಗೆ ಕುಳಿತಾಗ ಓಂ ನಮಃ ಶಿವಾಯ ಅನ್ನುವುದೂ ಅಷ್ಟೇ ಜೋರು. ಅದನ್ನು ಕೇಳಿಯೇ ನಾನು ಒಲೆ ಹೊತ್ತಿಸುತ್ತಿದ್ದೆ.

ಮಧ್ಯಾಹ್ನ ಊಟ ಆದ ಮೇಲೆ ಹುಬ್ಬಳ್ಳಿಯ ದಿಕ್ಕು ಕಪ್ಪಾಯಿತು. ಒಟ್ಟಿದ ಹೆಸರು ತೋಯ್ದರೆ ಮೊಳಕೆ ಒಡೆಯುತ್ತದೆ ಅಂತ ಇಬ್ಬರೂ ತಾಡಪತ್ರಿ ಹೊತ್ತುಕೊಂಡು ಹಳ್ಳ ದಾಟಿದರು. ಆಗ ನೀರು ಮೊಣಕಾಲಿನ ಕೆಳಗೇ ಇತ್ತು. ಎರಡೂ ಬಣವೆಗೆ ಹೊದಿಸಿ, ಮೇಲೆ ಕಲ್ಲು ಹೇರಿ, ತಿರುಗಿ ಬರುವಾಗ ನಡುಹಳ್ಳದಲ್ಲಿ ನೀರು ಬಂತು. ಏರುತ್ತ ಬರಲಿಲ್ಲವಂತೆ. ಒಮ್ಮೆಲೇ ಬಂತಂತೆ, ಬಾಗಿಲು ತೆಗೆದ ಹಾಗೆ. ಹಳ್ಳದ ನಡುವೆ ಒಂದು ದಿನ್ನೆ, ದಿನ್ನೆಯ ಮೇಲೆ ಒಂದು ಜಾಲಿ ಗಿಡ. ಇಬ್ಬರೂ ಅದಕ್ಕೆ ಜೋತುಬಿದ್ದರು.

ಯಾರೋ ಓಡಿ ಬಂದು ಹೇಳಿದಾಗ ನಾನು ರೊಟ್ಟಿಯ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಕೈಯಲ್ಲಿ ಹಿಟ್ಟು ಹಾಗೇ ಇರುವಾಗಲೇ ಓಡಿದೆ. ನಾನು ಹೋಗುವಷ್ಟರಲ್ಲಿ ಗೆಳತಿ ಅಲ್ಲಿದ್ದಳು. ಊರಿಗೆ ಊರೇ ದಂಡೆಗೆ ಬಂದಿತ್ತು. ನಮ್ಮ ಮುಂದೆ ಕೆಸರು ಬಣ್ಣದ ನೀರು, ಅದರ ನಡುವೆ ಗಿಡದ ತಲೆ, ಆ ತಲೆಯಲ್ಲಿ ಎರಡು ಬಿಳಿ ಅಂಗಿ. ಕೂಗಿದರೆ ಕೇಳುವಷ್ಟೇ ದೂರ. ಆದರೆ ನೀರಿನ ಸಪ್ಪಳದಲ್ಲಿ ಅವರು ಕೂಗಿದ್ದು ನಮಗೆ ಕೇಳುತ್ತಿರಲಿಲ್ಲ.

ಈಜು ಬಲ್ಲ ಹುಡುಗರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು. ನೀರು ಅವರನ್ನು ಎತ್ತಿ ಕೆಳದಂಡೆಗೆ ಒಗೆಯಿತು. ಇನ್ನೊಮ್ಮೆ ಇಳಿದರು, ಒಬ್ಬನ ತಲೆ ಒಡೆಯಿತು. ದೋಣಿ ಬರುತ್ತಿದೆ ಅಂತ ಫೋನಿನಲ್ಲಿ ಹೇಳುತ್ತಿದ್ದರು. ಆದರೆ ದೋಣಿ ಬರುವ ರಸ್ತೆಯ ಮೇಲೂ ಇನ್ನೊಂದು ಹಳ್ಳ ಹರಿಯುತ್ತಿತ್ತು, ಅವರು ಸುತ್ತು ಹಾಕಿ ಬರಬೇಕಾಗಿತ್ತು. ಯಾರ ತಪ್ಪೂ ಇರಲಿಲ್ಲ. ಈಗ ಅನಿಸುತ್ತದೆ, ಯಾರದಾದರೂ ತಪ್ಪು ಇದ್ದಿದ್ದರೆ ಚಲೋ ಇತ್ತು. ಬೈಯುವುದಕ್ಕೆ ಒಬ್ಬ ಮನುಷ್ಯನಾದರೂ ಸಿಗುತ್ತಿದ್ದ.

ಮಾಡುವುದಕ್ಕೆ ಏನೂ ಇರಲಿಲ್ಲ. ಗಂಡನ ಅಂಗಿ ಕಾಣುವಷ್ಟು ಹತ್ತಿರ ನಿಂತು ಏನೂ ಮಾಡಲಾರದೆ ಇರುವುದು ಅಂದರೆ ಏನು ಅಂತ ನನಗೆ ಅಂದು ತಿಳಿಯಿತು. ಗೆಳತಿ ನನ್ನ ಕೈ ಹಿಡಿದಳು. ನನ್ನ ಅಂಗೈಯ ಹಿಟ್ಟು ಬೆವರಿಗೆ ಅಂಟಾಗಿತ್ತು. ಆಕೆ ಊರ ಕಡೆಗೆ, ಕಲ್ಮೇಶ್ವರನ ಗುಡಿಯ ಕಡೆಗೆ ತಿರುಗಿ ಜೋರಾಗಿ ಅಂದಳು:

"ನಮ್ಮಪ್ಪ ಕಲ್ಮೇಶಾ, ನಮ್ಮಿಬ್ಬರ ಗಂಡಂದಿರನ್ನ ನಮಗ ತಂದು ಕೊಡು. ಊರಿಗೆಲ್ಲಾ ಗೋಧಿ ಹುಗ್ಗಿ ಉಣಸ್ತೀವಿ. ನೀ ಕೊಡ್ತಿ. ನೀ ಒಳ್ಳೇಂವ ಅದಿ, ಕೊಟ್ಟ ಕೊಡ್ತಿ."

ನಾನು ಆಕೆಯ ಹಿಂದೆ ಹಿಂದೆ ಅಂದೆ, "ಕೊಟ್ಟ ಕೊಡ್ತಿ." ಹರಕೆ ಹೊತ್ತವಳು ಆಕೆ. ನಾನು ದನಿಗೂಡಿಸಿದವಳು ಅಷ್ಟೇ. ದೇವರು ಒಳ್ಳೆಯವನು ಅಂತ ಅಷ್ಟು ಗಟ್ಟಿಯಾಗಿ ಹೇಳುವ ಧೈರ್ಯ ನನಗೆ ಇರಲಿಲ್ಲ, ಆಕೆಗಿತ್ತು. ಲಿಂಗಪೂಜೆ ಆಗದೆ ಆಕೆ ಚಹಾ ಮುಟ್ಟುತ್ತಿರಲಿಲ್ಲ. ನಾನು ಚಹಾ ಕುಡಿದು, ಭಾಂಡೆ ತಿಕ್ಕಿ, ಹೊತ್ತು ಸಿಕ್ಕರೆ ಪೂಜೆಗೆ ಕೂಡುವವಳು.

ಹೊತ್ತು ಇಳಿಯುವ ಮೊದಲು ಟೊಂಗೆ ಮುರಿಯಿತು. ಸಪ್ಪಳ ಕೇಳಲಿಲ್ಲ. ಗಿಡ ಒಂದು ಬಾಜು ಅಲುಗಾಡಿತು, ಎರಡು ಅಂಗಿ ಇದ್ದಲ್ಲಿ ಒಂದು ಅಂಗಿ ಉಳಿಯಿತು. ದಂಡೆಯ ಮೇಲೆ ಎಲ್ಲರೂ ಒಮ್ಮೆಲೇ ಹೋ ಅಂದರು. ಅಷ್ಟು ದೂರದಿಂದ ಉಳಿದದ್ದು ಯಾರು ಅಂತ ಗೊತ್ತಾಗಲಿಲ್ಲ. ನಾವಿಬ್ಬರೂ ಕೈ ಬಿಡಲಿಲ್ಲ. ಇಬ್ಬರೂ ನಮ್ಮ ನಮ್ಮ ಗಂಡನೇ ಇರಲಿ ಅಂತ ಬೇಡುತ್ತ ನಿಂತಿದ್ದೆವು. ಒಬ್ಬಳ ಬೇಡಿಕೆ ಈಡೇರಿದರೆ ಇನ್ನೊಬ್ಬಳ ಮನೆ ಮುರಿಯುತ್ತಿತ್ತು. ಅದು ಗೊತ್ತಿದ್ದೂ ಬೇಡಿದೆ. ಆಕೆಯೂ ಬೇಡಿರಬೇಕು.

ಕೊನೆಗೆ ದೋಣಿ ಬಂತು. ಅದು ತಿರುಗಿ ದಂಡೆಗೆ ಬರುವಾಗ ಅದರಲ್ಲಿ ತಲೆ ತಗ್ಗಿಸಿ ಕುಳಿತಿದ್ದವನು ನನ್ನ ಗಂಡ. ಗೆಳತಿ ನನ್ನ ಕೈಯಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

ಆಕೆಯ ಗಂಡ ಕೆಳಗಿನ ಊರಿನ ಹತ್ತಿರ ಜಾಲಿಕಂಟಿಯಲ್ಲಿ ಸಿಕ್ಕಿಕೊಂಡಿದ್ದ. ಮರುದಿನ ನೀರು ಇಳಿದ ಮೇಲೆ ಸಿಕ್ಕ. ಧಾರವಾಡದ ಹಾಸ್ಟೆಲಿನಿಂದ ಅವರ ಮಗಳು ಬಂದಳು. ನಮ್ಮ ಪದ್ಧತಿಯಂತೆ ಕೂರಿಸಿ, ಕೈಯಲ್ಲಿ ಲಿಂಗ ಇಟ್ಟು, ವಿಭೂತಿ ಹಚ್ಚಿ ಮಣ್ಣು ಮಾಡಿದರು. ಮಠದ ಸ್ವಾಮಿಗಳು ಬಂದಿದ್ದರು. ನನ್ನ ಗಂಡ ಕುಣಿಯ ದಂಡೆಯ ಮೇಲೆ ಕಟ್ಟಿಗೆಯ ಹಾಗೆ ನಿಂತಿದ್ದ. ಹಿರಿಯರು ಬಳೆ ಒಡೆಯುವುದು ಬೇಡ ಅಂದರು. ಗೆಳತಿ ತಾನೇ ಒಂದೊಂದಾಗಿ ತೆಗೆದು ಗೋಡೆಯ ಮಾಡದಲ್ಲಿ ಇಟ್ಟಳು.

ಆಮೇಲೆ ಜನ ಎರಡೂ ಮನೆಗೆ ಬರತೊಡಗಿದರು. ಆ ಮನೆಯಲ್ಲಿ ಅತ್ತು, ಕಣ್ಣೊರೆಸಿಕೊಂಡು, ಹೊಸ್ತಿಲು ದಾಟಿ ನಮ್ಮ ಮನೆಗೆ ಬಂದು ನಗುತ್ತಿದ್ದರು. "ನಿನ್ನ ತಾಳಿ ಗಟ್ಟಿ ಐತೆವ್ವಾ. ಏನ ಪುಣ್ಯಾ ಮಾಡಿದ್ದೋ, ದೇವರು ಕೈ ಬಿಡಲಿಲ್ಲ." ನಮ್ಮೆರಡು ಮನೆಯ ನಡುವೆ ಒಂದೇ ಗೋಡೆ. ಅವರು ಆಡಿದ್ದೆಲ್ಲ ಆಚೆ ಕೇಳಿಸುತ್ತಿತ್ತು. ನಾನು ಮೆಲ್ಲಗೆ ಮಾತಾಡಿರಿ ಅಂತ ಸನ್ನೆ ಮಾಡಿದರೆ ಅವರು ಇನ್ನಷ್ಟು ಜೋರಾಗಿ, "ಹೌದಲ್ಲ ಮತ್ತ, ಇದ್ದದ್ದ ಅಂತೀವಿ," ಅನ್ನುತ್ತಿದ್ದರು.

ಪುಣ್ಯದ ಲೆಕ್ಕ ಹಿಡಿದರೆ ಬದುಕಬೇಕಾದವನು ಆಕೆಯ ಗಂಡ. ಇದು ನಾನು ದೊಡ್ಡತನ ತೋರಿಸಲಿಕ್ಕೆ ಹೇಳುವ ಮಾತಲ್ಲ. ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಹಾಗಾದರೆ ದೇವರು ನೋಡಿದ್ದಾದರೂ ಏನನ್ನು? ನನಗೆ ಗಂಡ ಉಳಿದನಲ್ಲ, ಅದಕ್ಕೆ ಖುಷಿ ಇತ್ತು. ಸುಳ್ಳು ಯಾಕೆ ಹೇಳಲಿ, ಅವನು ಪಡಸಾಲೆಯಲ್ಲಿ ಮಲಗಿದ್ದನ್ನು ನೋಡಿದಾಗಲೆಲ್ಲ ಎದೆ ತುಂಬಿ ಬರುತ್ತಿತ್ತು. ಆದರೆ ಆ ಖುಷಿಯನ್ನು ದೇವರ ಮುಂದೆ ಒಯ್ದು ಇಡಲಿಕ್ಕೆ ಆಗುತ್ತಿರಲಿಲ್ಲ. ಕದ್ದ ಒಡವೆಯನ್ನು ಹಾಕಿಕೊಂಡು ಗುಡಿಗೆ ಹೋದ ಹಾಗೆ ಆಗುತ್ತಿತ್ತು.

ಗಂಡ ಪೂಜೆ ಬಿಟ್ಟಿದ್ದ. ಕೊರಳಲ್ಲಿ ಲಿಂಗ ಇತ್ತು, ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ. ಬಡಿಸಿದರೆ ಉಣ್ಣುತ್ತಿದ್ದ, ಕರೆದರೆ ಓಗೊಡುತ್ತಿದ್ದ, ಅಷ್ಟೇ. ಒಂದು ದಿನ ಮುಂಜಾನೆ ದನದ ಮನೆಯಲ್ಲಿ ಹಾಲು ಹಿಂಡುತ್ತಿದ್ದೆ. ಬಾಗಿಲಲ್ಲಿ ಬಂದು ನಿಂತ.

"ಅಂವ ನನ್ನ ಬೊಡ್ಡಿ ಕಡೆ ಕಳಿಸಿದ," ಅಂದ.

ನನಗೆ ತಿಳಿಯಲಿಲ್ಲ. ಹಿಂಡುವುದು ಬಿಟ್ಟು ನೋಡಿದೆ.

"ಮೊದಲು ಗಿಡದ ಬೊಡ್ಡಿ ಹಿಡಿದಾಂವ ಅಂವನ. ನಾ ಟೊಂಗಿ ಮ್ಯಾಲಿದ್ದೆ. ನಿನಗ ಈಜು ಬರೂದಿಲ್ಲಲೇ, ನೀ ಬೊಡ್ಡಿಗೆ ಬಾ, ನಾ ಟೊಂಗಿಗೆ ಹೋಗ್ತೀನಿ, ಬಿದ್ರೂ ಈಜಿ ಹೋಗ್ತೀನಿ ಅಂದ. ಜಾಗಾ ಬದಲಿ ಮಾಡಿದ್ವಿ. ಇಬ್ಬರೂ ದೇವರ ಹೆಸರ ಹೇಳ್ತಿದ್ವಿ. ಅಂವ ನನಕಿಂತಾ ಜೋರ ಹೇಳ್ತಿದ್ದ."

ಅಷ್ಟು ಹೇಳಿ ಅವನು ಹೊರಗೆ ಹೋದ. ಎಮ್ಮೆ ಕಾಲು ಜಾಡಿಸಿತು, ಹಾಲು ಚೆಲ್ಲಿತು. ನಾನು ಅದನ್ನು ನೋಡುತ್ತ ಕುಳಿತೆ.

ಇತ್ತ ನಮ್ಮ ಅತ್ತೆ ಹರಕೆಯ ಮಾತು ತೆಗೆದಳು. ಅತ್ತೆ ಕೆಟ್ಟವಳಲ್ಲ. ಮಗ ನೀರಿನಿಂದ ಎದ್ದು ಬಂದಿದ್ದಾನೆ, ಹರಕೆ ತೀರಿಸದೆ ಇಟ್ಟರೆ ಮತ್ತೆ ಏನಾಗುತ್ತದೋ ಅನ್ನುವ ಅಂಜಿಕೆ ಆಕೆಗೆ. "ಊರೆಲ್ಲಾ ಕೇಳೈತಿ, ಹುಗ್ಗಿ ಉಣಸ್ತೀವಿ ಅಂದೀರಿ. ದೀಪಾವಳಿ ಒಳಗ ಮುಗಿಸಿಬಿಡೂಣು," ಅಂದಳು. ಪಕ್ಕದ ಮನೆಯಲ್ಲಿ ಒಲೆ ಸರಿಯಾಗಿ ಹೊತ್ತುತ್ತಿಲ್ಲ, ನಾನು ಊರಿಗೆ ಸಿಹಿ ಉಣಿಸುವುದು ಹೇಗೆ? ಉಣಿಸದೆ ಇರುವುದಾದರೂ ಹೇಗೆ?

ತಡೆಯಲಾರದೆ ಮಠಕ್ಕೆ ಹೋದೆ. ಸ್ವಾಮಿಗಳು ವಯಸ್ಸಾದವರು. ಕಟ್ಟೆಯ ಮೇಲೆ ಕುಳಿತು ತೊಗರಿಬೇಳೆ ಆರಿಸುತ್ತಿದ್ದರು. ನಾನು ನಮಸ್ಕಾರ ಮಾಡಿ, ಎಲ್ಲ ಹೇಳಿ, ಕೇಳಿದೆ: "ಒಬ್ಬಾಕಿಗೆ ಕೊಟ್ಟು ಒಬ್ಬಾಕಿಗೆ ಯಾಕ ಇಲ್ಲ ಅಂದಾರಿ ದೇವರು? ಇಬ್ಬರೂ ಒಂದ ದನಿಲೆ ಕೇಳಿದ್ವಿ."

ಅವರು ಬೇಳೆಯಲ್ಲಿದ್ದ ಒಂದು ಕಲ್ಲು ಆರಿಸಿ ಒಗೆದರು. ಕರ್ಮ ಅನ್ನುತ್ತಾರೆ, ಶಿವನಿಚ್ಛೆ ಅನ್ನುತ್ತಾರೆ ಅಂತ ಕಾಯುತ್ತಿದ್ದೆ.

"ನನಗ ಗೊತ್ತಿಲ್ಲವ್ವಾ," ಅಂದರು. "ಗೊತ್ತೈತಿ ಅಂದ್ರ ನಿನಗ ಈಗ ಹಗುರ ಆಕ್ಕೈತಿ. ಆದ್ರ ಅದು ಸುಳ್ಳಾಕ್ಕೈತಿ. ಮಣ್ಣು ಮಾಡಿ ಬಂದಾಗಿಂದ ನಾನೂ ಇದನ್ನ ಕೇಳಾಕತ್ತೀನಿ."

"ಮತ್ತ ನಂಬೂದು ಹೆಂಗ್ರಿ?"

"ಹಗುರ ಆದಾಗ ನಂಬೂದು, ಭಾರ ಆದಾಗ ಬಿಡೂದು, ಹಂಗ ನಾ ಕಲಿತಿಲ್ಲ. ಅಂವ ಒಳ್ಳೇಂವ ಅಂತ ಹಿಡದೀನಿ. ಹಿಡದ ಕೈ ನೋಯ್ತೈತಿ. ಬಿಡಾಕ ಬರವಲ್ದು." ಆಮೇಲೆ ಮೊರ ಕೆಳಗಿಟ್ಟು ಅಂದರು, "ಹರಕಿ ವಿಷಯ ನನ್ನ ಕೇಳಬ್ಯಾಡ. ಯಾರು ಹೊತ್ತಾರೋ ಅವರನ್ನ ಕೇಳು."

ಬರಿಗೈಯಲ್ಲಿ ತಿರುಗಿ ಬಂದೆ. ಸಮಾಧಾನ ಕೇಳಲಿಕ್ಕೆ ಹೋದವಳಿಗೆ ಸಿಕ್ಕಿದ್ದು ನನ್ನಂತೆಯೇ ದಾರಿ ತಪ್ಪಿದ ಇನ್ನೊಬ್ಬ ಮನುಷ್ಯ. ದಾರಿಯಲ್ಲಿ ಸಿಟ್ಟೂ ಬಂತು. ಆದರೆ ಅಷ್ಟು ದಿನ ಬಂದವರೆಲ್ಲ ಹೇಳಿದ ಮಾತಿಗಿಂತ ಅವರ ಗೊತ್ತಿಲ್ಲ ಅನ್ನುವ ಮಾತೇ ನನ್ನ ಕೂಡ ಮನೆಯವರೆಗೆ ಬಂತು.

ಗೆಳತಿಯನ್ನು ಕೇಳಲಿಕ್ಕೆ ಹೋದಾಗ ನಾನೊಬ್ಬಳೇ ಹೋಗಬೇಕೆಂದಿದ್ದೆ. ಗಂಡ ಹಿಂದೆ ಬಂದ, ಅತ್ತೆಯೂ ಬಂದಳು. ಆಕೆ ಅಂಗಳದಲ್ಲಿ ಹೆಸರು ಕೇರುತ್ತಿದ್ದಳು. ಅದೇ ಬಣವೆಯ ಹೆಸರು. ತಾಡಪತ್ರಿಯ ಕೆಳಗೆ ಒಂದು ಕಾಳೂ ತೋಯ್ದಿರಲಿಲ್ಲ. ನಮ್ಮನ್ನು ನೋಡಿ ಕಂಬಳಿ ಹಾಸಿದಳು. ನಾನು ಬಾಯಿ ತೆಗೆಯುವ ಮೊದಲೇ ಗಂಡ ನೆಲಕ್ಕೆ ಕುಳಿತು, ದನದ ಮನೆಯಲ್ಲಿ ನನಗೆ ಹೇಳಿದ್ದನ್ನು ಆಕೆಗೆ ಹೇಳಿದ. ಬೊಡ್ಡೆ, ಟೊಂಗೆ, ಜಾಗ ಬದಲಿಸಿದ್ದು.

ಆಕೆ ಕೇರುವುದನ್ನು ನಿಲ್ಲಿಸಿ ಕೇಳಿದಳು. "ನಿನಗ ಈಜು ಬರೂದಿಲ್ಲಲೇ ಅಂತ ಅಂದರೇನ್ರಿ?" ಅಂತ ಒಂದೇ ಒಂದು ಕೇಳಿದಳು.

"ಹೌದವ್ವಾ. ಹಂಗ ಅಂದ."

ಆಕೆಯ ಮುಖದ ಮೇಲೆ ಏನೋ ಬಂತು. ನಗು ಅಂದರೆ ತಪ್ಪಾಗುತ್ತದೆ. ತನ್ನ ಗಂಡನ ದನಿ ಇನ್ನೊಮ್ಮೆ ಕೇಳಿದವಳ ಮುಖ ಅದು.

ಅತ್ತೆಗೆ ಸುಮ್ಮನಿರಲಾಗಲಿಲ್ಲ. ಕಣ್ಣೀರು ಹಾಕುತ್ತ ಆಕೆಯ ಗಲ್ಲ ಮುಟ್ಟಿ, "ದೇವರ ನಿನ್ನ ಗಂಡನ ರೂಪದಾಗ ಬಂದು ನನ್ನ ಮಗನ್ನ ಉಳಿಸಿದ ನೋಡವ್ವಾ," ಅಂದಳು.

ಗೆಳತಿ ಅತ್ತೆಯ ಕೈಯನ್ನು ಕೆಳಗಿಳಿಸಿದಳು. "ಹಂಗನಬ್ಯಾಡ್ರಿ ಅತ್ತಿ. ಅವರು ದೇವರಲ್ಲ, ನನ್ನ ಗಂಡ. ದೇವರಿಗೆ ಬರೂದ ಇದ್ರ ಬ್ಯಾರೆ ಯಾವ ರೂಪದಾಗರ ಬರಬಹುದಿತ್ತು. ದೋಣಿ ರೂಪದಾಗ ಲಗೂನ ಬರಬಹುದಿತ್ತು."

ಒಂದು ಕೋಳಿ ಬಂದು ಹೆಸರಿಗೆ ಬಾಯಿ ಹಾಕಿತು, ಅದನ್ನು ಓಡಿಸುವವರೂ ಇರಲಿಲ್ಲ. ಕೊನೆಗೆ ನಾನು ಹರಕೆಯ ಮಾತು ಎತ್ತಿದೆ. ಬೇಡ ಅಂದರೆ ಬಿಡುತ್ತೇನೆ, ಪಾಪ ಬಂದರೆ ನನಗೆ ಬರಲಿ ಅಂದೆ.

"ತೀರಿಸು," ಅಂದಳು. "ನಿನಗ ಕೊಟ್ಟಾನ, ನೀ ಕೊಡು. ನನ್ನ ಬಾಯಿಲೆ ಬಂದ ಮಾತು ಅದು, ಸುಳ್ಳಾಗೂದು ಬ್ಯಾಡ. ಆದ್ರ ನಾ ಬರೂದಿಲ್ಲ. ಮತ್ತ ಒಂದ ಮಾತು. ದೇವರು ಒಳ್ಳೇಂವ ಅಂತ ನೀ ನನ್ನ ಮುಂದ ಎಂದೂ ಹೇಳಬ್ಯಾಡ. ನಾ ಇಷ್ಟು ವರ್ಷ ಹೇಳೀನಿ. ನನಗ ಹೇಳಾಕ ಆದ್ರ ನಾ ಹೇಳ್ತೀನಿ. ಆಗಲಿಲ್ಲ ಅಂದ್ರ ಇಲ್ಲ."

ಸೋಮವಾರ ಹುಗ್ಗಿ ಮಾಡಿಸಿದೆವು. ಗುಡಿಯಲ್ಲಿ ಅಭಿಷೇಕ ಆಯಿತು. ನಾನು ಕೈಮುಗಿದು ನಿಂತೆ. ನಿನಗೆ ಶರಣು ಅನ್ನುವುದು ಎಷ್ಟು ಸರಳ ಮಾತು, ಅದನ್ನೂ ಅನ್ನದೆ ವಿಭೂತಿ ಹಚ್ಚಿಕೊಂಡು ಹೊರಗೆ ಬಂದೆ. ಊರು ಉಂಡಿತು. ಎರಡು ಸಲ ನೀಡಿಸಿಕೊಂಡು ಉಂಡರು, ತುಪ್ಪ ಚಲೋ ಬಿದ್ದಿದೆ ಅಂದರು. ಗಂಡ ನೀರು ನೀಡುತ್ತ ಪಂಕ್ತಿಯ ಮೇಲೆ ಓಡಾಡುತ್ತಿದ್ದ, ತಾನು ಉಣ್ಣಲಿಲ್ಲ.

ಒಂದು ಡಬರಿಯಲ್ಲಿ ಹುಗ್ಗಿ ಹಾಕಿಕೊಂಡು ನಾನು ಗೆಳತಿಯ ಮನೆಗೆ ಹೋದೆ. ಕೊಡಬೇಕೋ ಕೊಡಬಾರದೋ ದಾರಿಯುದ್ದಕ್ಕೂ ತಿಳಿಯಲಿಲ್ಲ. ಬಾಗಿಲು ಮುಂದೆ ಹಾಕಿತ್ತು, ಚಿಲಕ ಇರಲಿಲ್ಲ. ದೂಡಿದೆ. ಆಕೆ ದೇವರ ಮನೆಯಲ್ಲಿ, ಎಡಗೈಯಲ್ಲಿ ಲಿಂಗ ಹಿಡಿದು ಕುಳಿತಿದ್ದಳು. ಊರು ನಮ್ಮ ಹುಗ್ಗಿ ಉಣ್ಣುತ್ತಿದ್ದ ಹೊತ್ತಿಗೆ ಆಕೆ ಪೂಜೆಗೆ ಕುಳಿತಿದ್ದಳು. ಹೂವು ಇರಲಿಲ್ಲ, ಮಂತ್ರ ಇರಲಿಲ್ಲ. ಕಣ್ಣು ಮುಚ್ಚಿರಲಿಲ್ಲ. ಜಗಳ ಆಡಿದ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ಉತ್ತರಕ್ಕೆ ಕಾಯುವವರು ನೋಡುತ್ತಾರಲ್ಲ, ಹಾಗೆ ಅಂಗೈಯನ್ನು ನೋಡುತ್ತಿದ್ದಳು. ಕೆನ್ನೆಯ ಮೇಲಿನ ನೀರನ್ನು ಒರೆಸಿಕೊಂಡಿರಲಿಲ್ಲ.

ನಾನು ಡಬರಿಯನ್ನು ಪಡಸಾಲೆಯಲ್ಲಿ ಇಟ್ಟು, ಸಪ್ಪಳಾಗದಂತೆ ಬಾಗಿಲು ಮುಂದೆ ಮಾಡಿ ಬಂದೆ. ಸಂಜೆ ಡಬರಿ ತಿರುಗಿ ಬಂತು. ನಮ್ಮ ಕಡೆ ಖಾಲಿ ಭಾಂಡೆ ಕಳಿಸುವುದಿಲ್ಲ. ತಿಕ್ಕಿ ತೊಳೆದ ಡಬರಿಯ ತಳಕ್ಕೆ ಒಂದು ಬೊಗಸೆ ಹೆಸರು ಇತ್ತು. ಆಕೆ ಹುಗ್ಗಿ ಉಂಡಳೋ, ದನಕ್ಕೆ ಹಾಕಿದಳೋ, ನಾನು ಕೇಳಲಿಲ್ಲ. ಇಂದಿಗೂ ಕೇಳಿಲ್ಲ.

ಅದಾಗಿ ಈಗ ಕೆಲವು ವರ್ಷ ಆಯಿತು. ಹಿಂಗಾರಿಗೆ ಗಂಡ ಮೊದಲು ಆಕೆಯ ಹೊಲ ಬಿತ್ತುತ್ತಾನೆ, ಆಮೇಲೆ ನಮ್ಮದು. ಬೇಡ ಅಂತ ಆಕೆ ಅನ್ನುವುದಿಲ್ಲ, ಉಪಕಾರ ಆಯಿತು ಅಂತಲೂ ಅನ್ನುವುದಿಲ್ಲ. ಅವನು ಪೂಜೆಗೆ ಕೂಡುವ ದಿನ ಕೂಡುತ್ತಾನೆ, ಬಿಟ್ಟ ದಿನ ಬಿಡುತ್ತಾನೆ. ನಾನು ಯಾಕೆ ಅಂತ ಕೇಳುವುದಿಲ್ಲ. ನಾನು ಮಾತ್ರ ದಿನಾ ಕೂಡುತ್ತೇನೆ. ಹಿಂದೆ ಹಾಗೆ ಇರಲಿಲ್ಲ. ಕೂತಾಗ ಮೊದಲಿನಂತೆ ಹಾಯೆನಿಸುವುದಿಲ್ಲ. ಅಂಗೈಯಲ್ಲಿ ಲಿಂಗದ ಅದೇ ತೂಕ, ಅದೇ ತಂಪು. ನೀನು ಒಳ್ಳೆಯವನು ಅಂತ ಅನ್ನುತ್ತೇನೆ, ಅಂದ ಕೂಡಲೇ ಗೋಡೆಯಾಚೆ ಆಕೆ ಪಾತ್ರೆ ಇಟ್ಟ ಸಪ್ಪಳ ಕೇಳುತ್ತದೆ, ನಾನು ಅಂದ ಮಾತು ನನಗೇ ನಾಚಿಕೆ ತರುತ್ತದೆ. ಆದರೂ ಮರುದಿನ ಮತ್ತೆ ಅನ್ನುತ್ತೇನೆ. ಆ ಮಾತೂ ಇಲ್ಲ ಅಂದರೆ ಹಳ್ಳ, ಗಿಡ, ಟೊಂಗೆ, ಇಷ್ಟೇ ಉಳಿಯುತ್ತದೆ. ಅಷ್ಟರ ಜೊತೆ ಬದುಕುವ ಗಟ್ಟಿತನ ನನಗಿಲ್ಲ.

ಮೊನ್ನೆ ಶ್ರಾವಣದಲ್ಲಿ ಆಕೆ ತಾನಾಗಿ ಬಂದು, "ಅಣ್ಣಿಗೇರಿ ಗುಡಿಗೆ ಹೋಗೂಣೇನಬೇ?" ಅಂದಳು. ನಾನು ಸೀರೆ ಬದಲಿಸಿ ಹೊರಟೆ. ಗುಡಿಯ ತಂಪಿನಲ್ಲಿ ಇಬ್ಬರೂ ಬಾಜು ಬಾಜು ನಿಂತೆವು. ಪೂಜಾರಿ ಮಂಗಳಾರತಿ ತಂದ. ಆಕೆ ಆರತಿ ತೆಗೆದುಕೊಂಡಳು. ಹೊರಗೆ ಬಂದು ಕಂಬಕ್ಕೆ ಆನಿಕೊಂಡು ಬಾಳೆಹಣ್ಣು ತಿಂದೆವು. ಮಗಳಿಗೆ ನೌಕರಿ ಸಿಗುವ ಹಾಗಿದೆ, ಸಿಕ್ಕರೆ ಅಳ್ನಾವರದ ಕಡೆ ಹಾಕುತ್ತಾರಂತೆ, ಅಡವಿಯ ಊರು, ಮಳೆ ಬಹಳ ಅಂತೆಲ್ಲ ಹೇಳಿದಳು. ಬಸ್ ಸ್ಟ್ಯಾಂಡಿಗೆ ನಡೆಯುವಾಗ ಒಮ್ಮೆಲೇ ಕೇಳಿದಳು.

"ನೀ ಏನ ಕೇಳಿಕೊಂಡಿ?"

"ಏನೂ ಕೇಳಲಿಲ್ಲ. ಸುಮ್ಮನ ನಿಂತೆ."

"ನಾನೂ." ಸ್ವಲ್ಪ ದೂರ ನಡೆದ ಮೇಲೆ, "ಕೇಳೂದು ಬಿಟ್ಟೀನಿ. ನಿಂದ್ರೂದು ಬಿಡಾಕ ಆಗವಲ್ದು. ಅಂವಗ ನಾವು ಕಾಣ್ತೀವಿ ಅಂತಿ?"

ಹೌದು ಅನ್ನಬೇಕೆಂದೆ. ದೇವರು ಒಳ್ಳೆಯವನು ಅಂತ ನನ್ನ ಮುಂದೆ ಹೇಳಬೇಡ ಅಂದಿದ್ದ ಆಕೆಯ ಮಾತು ನೆನಪಾಗಿ ನಾಲಿಗೆ ತಡೆಯಿತು. "ಕಾಣ್ತೀವಿ ಅಂತ ಅನ್ಕೊಂಡೀನಿ," ಅಂದೆ.

"ಅನ್ಕೋ," ಅಂದಳು. ಸಿಟ್ಟಿನಿಂದ ಅನ್ನಲಿಲ್ಲ. "ಇನ್ನೇನ ಮಾಡೂದೈತಿ ನಮ್ಮ ಕೈಲೆ."

ನವಲಗುಂದದ ಬಸ್ಸು ತುಂಬಿಕೊಂಡು ಬಂತು. ಆಕೆ ಮೊದಲು ಹತ್ತಿದಳು, ನಾನು ಆಕೆಯ ಹಿಂದೆ ಹತ್ತಿದೆ. ಊರು ಬರುವವರೆಗೂ ನಿಂತುಕೊಂಡೇ ಬಂದೆವು.